ಒಂದು ಕೆಮ್ಮಿಗೆ ಎಷ್ಟೊಂದು ಹೆದರಿಕೆ!

ಬಸ್ಸಿನಲ್ಲಿ ಪಕ್ಕದವರು ಸೀನಿದರೆ ನೀವು ಈಗ ಎದ್ದು ಬೇರೆ ಸೀಟು ಹುಡುಕುತ್ತೀರಾ? ಇಲ್ಲ ಅಲ್ವಾ? 2020ರಲ್ಲಿ ಹುಡುಕುತ್ತಿದ್ದೆವು. ಈಗ ಸ್ಯಾನಿಟೈಸರ್ ಬಾಟಲಿ ನಮ್ಮ ವ್ಯಾನಿಟಿ ಬ್ಯಾಗಿನಿಂದ ಮಾಯವಾಗಿದೆ. ಉಳಿದ ಮಾಸ್ಕುಗಳು ಕಪಾಟಿನ ಮೂಲೆ ಸೇರಿವೆ. ಮಕ್ಕಳ ಆನ್‌ಲೈನ್ ಕ್ಲಾಸಿನ ಗೋಳು ಮದುವೆ ಮನೆಯಲ್ಲಿ ಹೇಳಿ ನಗುವ ಕತೆಯಾಗಿದೆ. ಕೋವಿಡ್ ಇನ್ನು ಜಾಗತಿಕ ತುರ್ತು ಪರಿಸ್ಥಿತಿ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮೇ 5ರಂದೇ ಹೇಳಿಬಿಟ್ಟಿತು. ನಮ್ಮ ನಿಮ್ಮ ಪಾಲಿಗೆ ಅದು ಮುಗಿದ ಅಧ್ಯಾಯ.

ಆದರೆ ನಮ್ಮದೇ ಮನೆಗಳಲ್ಲಿ ಕೆಲವರಿಗೆ ಅದು ಮುಗಿದಿಲ್ಲ. ಅವರು ಕೋವಿಡ್ ಬಂದು ಐಸಿಯುಗೆ ಹೋಗಿ ಬಂದವರೇ ಆಗಬೇಕಾಗಿಲ್ಲ. ಎಷ್ಟೋ ಜನರಿಗೆ ಕೋವಿಡ್ ಬಂದೇ ಇಲ್ಲ! ಅವರಿಗೆ ಇದ್ದದ್ದು ಹಳೆಯ ಉಬ್ಬಸ, ಹಳೆಯ ದಮ್ಮು, ಮಳೆಗಾಲದ ಅಸ್ತಮಾ, ಇಲ್ಲವೇ ಡಾಕ್ಟರು ಚೀಟಿಯಲ್ಲಿ 'ಸಿಒಪಿಡಿ' ಅಂತ ಬರೆಯುವ ಶ್ವಾಸಕೋಶದ ಕಾಯಿಲೆ. ಕೋವಿಡ್ ಅವರ ಪುಪ್ಪುಸವನ್ನು ಮುಟ್ಟದೇ ಹೋದರೂ ಮನಸ್ಸನ್ನು ಹಿಡಿದುಕೊಂಡಿತು. ಆ ಹಿಡಿತ ಇನ್ನೂ ಸಡಿಲವಾಗಿಲ್ಲ. ಅದಕ್ಕೆ ಕೆಲವು ಸಲ ನಾವೇ, ಅಂದರೆ ಮನೆಯವರೇ ಕಾರಣ ಅಂತ ನನ್ನ ಅಭಿಪ್ರಾಯ. ಕೋಪ ಮಾಡ್ಕೊಬೇಡಿ, ಪೂರ್ತಿ ಓದಿ ನೋಡಿ.

ಇಂಥವರು ಅಪರೂಪ ಅಂತ ತಿಳಿಯಬೇಡಿ. 2016ರ ಅಂದಾಜಿನಂತೆ ಭಾರತದಲ್ಲಿ ಸಿಒಪಿಡಿ ಇದ್ದವರೇ ಸುಮಾರು 5.5 ಕೋಟಿ. ಅಸ್ತಮಾದವರು ಮತ್ತೆ ಮೂರೂವರೆ ಕೋಟಿಗೂ ಹೆಚ್ಚು. ಸಿಒಪಿಡಿ ಅಂದ ಕೂಡಲೇ ಬೀಡಿ ಸಿಗರೇಟು ಸೇದುವ ಗಂಡಸರು ನೆನಪಾಗುತ್ತಾರೆ. ಆದರೆ ನಮ್ಮ ಕರಾವಳಿಯ ಹಳೆಯ ಅಡುಗೆಮನೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕುಚ್ಚಲಕ್ಕಿ ಬೇಯಲು ಗಂಟೆಗಟ್ಟಲೆ ಒಲೆ ಉರಿಯಬೇಕು. ಬಚ್ಚಲಿನ ಹಂಡೆಗೆ ತೆಂಗಿನ ಮಡಲು, ಸಿಪ್ಪೆ, ಅಡಿಕೆ ಹಾಳೆ ಏನು ಸಿಕ್ಕಿತೋ ಅದು. ಮಳೆಗಾಲದಲ್ಲಿ ಒದ್ದೆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಜಾಸ್ತಿ! ಅದರ ಮುಂದೆ ಕೂತು ಊದುಕೊಳವೆ ಊದಿದವರು ಯಾರು? ನಮ್ಮ ಅಮ್ಮಂದಿರು, ಅತ್ತೆಯಂದಿರು. ಜೊತೆಗೆ ಬೀಡಿ ಕಟ್ಟುವ ಮನೆಗಳಲ್ಲಿ ಮೊರದ ತುಂಬ ಹೊಗೆಸೊಪ್ಪಿನ ಪುಡಿ, ಗೇರುಬೀಜದ ಕಾರ್ಖಾನೆಗಳ ಹೊಗೆ, ಕಾರ್ಕಳದ ಕಡೆ ಕಲ್ಲು ಕಡಿಯುವವರಿಗೆ ಕಲ್ಲಿನ ಧೂಳು. ಒಂದೇ ಒಂದು ಸಿಗರೇಟು ಮುಟ್ಟದ ಹೆಂಗಸಿಗೆ ಅರುವತ್ತಕ್ಕೆ ದಮ್ಮು ಹಿಡಿದರೆ ಆಶ್ಚರ್ಯ ಯಾಕೆ?

ಫೋನು ಎತ್ತಿದರೂ ಕೆಮ್ಮು

2020ರ ಮಾರ್ಚ್ ನೆನಪಿದೆಯಾ? ಯಾರಿಗೇ ಫೋನ್ ಮಾಡಿ, ರಿಂಗ್ ಆಗುವ ಮೊದಲೇ ಕಿವಿಯಲ್ಲಿ ಒಂದು ಕೆಮ್ಮು. ಆಮೇಲೆ ಉಪದೇಶ. ಕಾಲರ್ ಟ್ಯೂನ್ ಅಂತ ಅದಕ್ಕೆ ಹೆಸರು. ನಾವು ಕಿರಿಕಿರಿ ಮಾಡಿಕೊಂಡು ಬಿಟ್ಟೆವು. ಆದರೆ ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಹತ್ತು ನಿಮಿಷ ಕೆಮ್ಮಿ ಕಫ ತೆಗೆದರೆ ಮಾತ್ರ ಹಗುರವಾಗುವ ಹೆಂಗಸಿಗೆ ಅದು ಹೇಗೆ ಕೇಳಿಸಿರಬಹುದು? ತನ್ನ ಕೆಮ್ಮನ್ನೇ ಇಡೀ ದೇಶಕ್ಕೆ 'ಇದು ಅಪಾಯ, ದೂರ ಇರಿ' ಅಂತ ಕೇಳಿಸಿದ ಹಾಗೆ ಆಗಿರುವುದಿಲ್ಲವೇ?

ಆ ತಿಂಗಳ ಕೊನೆಗೆ ಉಡುಪಿಯಲ್ಲೂ ಮೊದಲ ಪ್ರಕರಣ ಬಂತು. ಉಡುಪಿಯ ಡಾ. ಟಿಎಂಎ ಪೈ ಆಸ್ಪತ್ರೆಯನ್ನು ಕೋವಿಡ್‌ಗೆಂದೇ ಮೀಸಲಿಟ್ಟರು. ಮೇ ತಿಂಗಳಲ್ಲಿ ಮುಂಬಯಿಯಿಂದ ನಮ್ಮವರು ಊರಿಗೆ ಬರಲು ಸುರುವಾದ ಮೇಲಂತೂ ಸಂಖ್ಯೆ ಏರುತ್ತಾ ಹೋಗಿ, ಜೂನ್ ಮೊದಲ ವಾರ ಇಡೀ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆ ನಮ್ಮದಾಯಿತು. ಸಂಜೆಯಾದರೆ ಟಿವಿ ಮುಂದೆ ಕೂತು ಲೆಕ್ಕ ಕೇಳುವುದು, ಆಮೇಲೆ ಸತ್ತವರ ವಿವರದಲ್ಲಿ 'ಉಸಿರಾಟದ ತೊಂದರೆ ಇತ್ತು' ಎಂಬ ಒಂದು ಸಾಲು. ನಮಗೆ ಅದು ಒಂದು ಬಗೆಯ ಸಮಾಧಾನ. 'ಓ, ಅವರಿಗೆ ಮೊದಲೇ ಕಾಯಿಲೆ ಇತ್ತಂತೆ' ಅಂತ ಹೇಳಿ ಚಾನೆಲ್ ಬದಲಿಸುತ್ತಿದ್ದೆವು. ಅದೇ ಕೋಣೆಯ ಮೂಲೆಯಲ್ಲಿ ಕೂತಿದ್ದ, ಮೊದಲೇ ಕಾಯಿಲೆ ಇದ್ದವರು ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದರು ಅಂತ ನಮಗೆ ಹೊಳೆಯಲೇ ಇಲ್ಲ.

ಆಮೇಲೆ ಸುರುವಾಯಿತು ನೋಡಿ ವಾಟ್ಸ್ಆ್ಯಪ್ ವೈದ್ಯರ ಕಾಟ! ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇರುತ್ತದೆ, ಸ್ಟೀರಾಯ್ಡ್ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ, ಹಾಗಾಗಿ ಇನ್‌ಹೇಲರ್ ಬಿಟ್ಟರೆ ಕೊರೊನಾ ಬರುವುದಿಲ್ಲ ಎಂಬ ಲೆಕ್ಕಾಚಾರ. ಬಿಟ್ಟವರು ಎಷ್ಟೋ ಜನ. ಬಸ್ಸಿಲ್ಲ, ಕಾರ್ಕಳದಿಂದ ಹಿರಿಯಡ್ಕ ದಾಟಿ ಮಣಿಪಾಲಕ್ಕೆ ಬಂದು ಡಾಕ್ಟರನ್ನು ಕೇಳುವ ದಾರಿಯೂ ಇಲ್ಲ. ದಾರಿ ಇದ್ದವರಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರಿಕೆ. ಅಸ್ತಮಾ ತಜ್ಞರ ಅಂತರರಾಷ್ಟ್ರೀಯ ಸಂಘಟನೆ 'ಜಿನಾ' 2020ರಲ್ಲೇ ಸ್ಪಷ್ಟವಾಗಿ ಹೇಳಿತ್ತು, ಡಾಕ್ಟರು ಬರೆದುಕೊಟ್ಟ ಇನ್‌ಹೇಲರನ್ನು ನಿಲ್ಲಿಸಬೇಡಿ ಅಂತ. ಅದು ಫಾರ್ವರ್ಡ್ ಆಗಲಿಲ್ಲ. ತಮಾಷೆ ಕೇಳಿ, 2021ರಲ್ಲಿ ಬುಡೆಸೊನೈಡ್ ಎಂಬ ಅದೇ ಸ್ಟೀರಾಯ್ಡ್ ಇನ್‌ಹೇಲರನ್ನು ಆಕ್ಸ್‌ಫರ್ಡ್‌ನವರು ಸಣ್ಣ ಮಟ್ಟದ ಕೋವಿಡ್‌ಗೆ ಔಷಧಿಯಾಗಿ ಪರೀಕ್ಷೆ ಮಾಡಿದರು. ನಮ್ಮ ದೇಶದ ಚಿಕಿತ್ಸೆಯ ಸೂಚನೆಯಲ್ಲೂ ಅದು ಸೇರಿತು!

ಇನ್ನು ನಮ್ಮ ಸ್ವಚ್ಛತೆಯ ಹುಚ್ಚು. ತರಕಾರಿಗೆ ಸೋಪು, ಹಾಲಿನ ಪ್ಯಾಕೆಟ್ಟಿಗೆ ಸ್ಯಾನಿಟೈಸರ್, ನೆಲಕ್ಕೆ ದಿನಕ್ಕೆ ಎರಡು ಸಲ ಫಿನಾಯಿಲ್, ಅಂಗಳಕ್ಕೆ ಬ್ಲೀಚಿಂಗ್ ಪೌಡರ್. ಸಂಜೆಗೆ ಧೂಪ ಬೇರೆ, ವೈರಸ್ ಓಡಿಸಲು! ಇವೆಲ್ಲದರ ಘಾಟು ಅಸ್ತಮಾದವರ ಶ್ವಾಸನಾಳಕ್ಕೆ ಆಗದು. ಅವರಿಗೆ ಉಸಿರು ಕಟ್ಟಿದರೆ 'ಅಯ್ಯೋ ಕೊರೊನಾ!' ಅಂತ ಇನ್ನಷ್ಟು ಫಿನಾಯಿಲ್.

ಹೆದರಿಕೆಗೂ ಉಸಿರಿಗೂ ಏನು ಸಂಬಂಧ?

ಇಲ್ಲೇ ಇರುವುದು ವಿಷಯದ ತಿರುಳು. ಸಕ್ಕರೆ ಕಾಯಿಲೆಯವರೂ ಹೆದರಿದರು, ಹೃದಯದ ಕಾಯಿಲೆಯವರೂ ಹೆದರಿದರು. ಆದರೆ ಶ್ವಾಸಕೋಶದ ಕಾಯಿಲೆಯವರ ಹೆದರಿಕೆಯ ಜಾತಿಯೇ ಬೇರೆ. ಯಾಕೆಂದರೆ ಹೆದರಿಕೆ ಮೊದಲು ಕೈಹಾಕುವುದೇ ಉಸಿರಿಗೆ.

ನಿಮಗೆ ಗಾಬರಿಯಾದಾಗ ಏನಾಗುತ್ತದೆ ಗಮನಿಸಿ. ಉಸಿರು ಬೇಗ ಬೇಗ, ಮೇಲೆ ಮೇಲೆ ಆಗುತ್ತದೆ. ಆರೋಗ್ಯವಂತರಿಗೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಆದರೆ ಸಿಒಪಿಡಿ ಇರುವವರ ಶ್ವಾಸನಾಳ ಕಿರಿದಾಗಿರುತ್ತದೆ. ಅವರ ಕಷ್ಟ ಉಸಿರು ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದರಲ್ಲಿ. ನಿಧಾನವಾಗಿ ಬಿಟ್ಟರೆ ಮಾತ್ರ ಒಳಗಿನ ಗಾಳಿ ಖಾಲಿಯಾಗುತ್ತದೆ. ಗಾಬರಿಯಲ್ಲಿ ಬೇಗ ಬೇಗ ಉಸಿರಾಡಿದರೆ ಮೊದಲಿನ ಗಾಳಿ ಹೊರಹೋಗುವ ಮೊದಲೇ ಮತ್ತೊಂದು ಉಸಿರು ಒಳಗೆ ಬಂದಿರುತ್ತದೆ. ಹಳೆಯ ಗಾಳಿ ಎದೆಯೊಳಗೇ ಸಿಕ್ಕಿಹಾಕಿಕೊಂಡು ಎದೆ ಬಲೂನಿನಂತೆ ಉಬ್ಬಿ, ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ಆಗ ನಿಜವಾಗಿಯೂ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಕೂಡಲೇ ಮತ್ತಷ್ಟು ಗಾಬರಿ. ಹೀಗೆ ಒಂದಕ್ಕೊಂದು ಜೋಡಿಯಾಗಿ ಗಿರಗಿಟ್ಲೆ ತಿರುಗಿದ ಹಾಗೆ.

ಅಂದರೆ 'ಅದೆಲ್ಲ ನಿಮ್ಮ ಮನಸ್ಸಿನ ಭ್ರಮೆ' ಅಂತ ಹೇಳುವುದು ತಪ್ಪು. ಹೆದರಿಕೆ ಮನಸ್ಸಿನಲ್ಲಿ ಹುಟ್ಟಿದರೂ ಉಸಿರು ಕಟ್ಟುವುದು ದೇಹಕ್ಕೇ. ಕಾಯಿಲೆಯದ್ದು ಎಷ್ಟು, ಹೆದರಿಕೆಯದ್ದು ಎಷ್ಟು ಅಂತ ರೋಗಿಗೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ನಿಂತ ನಮಗಂತೂ ಗೊತ್ತಾಗುವುದೇ ಇಲ್ಲ. 2020ರಲ್ಲಿ ಇದರ ಮೇಲೆ ಇನ್ನೊಂದು ಸೇರಿಕೊಂಡಿತು. ಉಸಿರು ಕಟ್ಟುವುದು ಕೋವಿಡ್‌ನ ಲಕ್ಷಣವೂ ಹೌದಲ್ಲ? ಪ್ರತಿಸಲ ಮೆಟ್ಟಿಲು ಹತ್ತಿ ಏದುಸಿರು ಬಂದಾಗಲೂ 'ಇದು ನನ್ನ ಮಾಮೂಲಿ ದಮ್ಮೋ, ಅದೋ?' ಎಂಬ ಪ್ರಶ್ನೆ. ಒಂದೆರಡು ದಿನ ಅಲ್ಲ ಮಾರಾಯ್ರೆ, ಎರಡು ವರ್ಷ! ಯಾರ ನರ ತಾನೇ ಸುಮ್ಮನಿರುತ್ತದೆ?

2021ರ ಮೇ ತಿಂಗಳು ಅದಕ್ಕಿಂತ ಘೋರ. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ತೀರಿಕೊಂಡರು ಎಂಬ ಸುದ್ದಿ ಬಂದಾಗ ನಾವೆಲ್ಲ ನಡುಗಿದೆವು. ಉಸಿರಿನ ಕಾಯಿಲೆಯವರಿಗೆ ಅದು ಸುದ್ದಿಯಾಗಿ ಕೇಳಲಿಲ್ಲ. ನಮ್ಮ ಪರಿಚಯದ ಕಾರ್ಕಳದ ಅಜ್ಜಿಯೊಬ್ಬರು, ಎಪ್ಪತ್ತೆರಡು ವರ್ಷ, ಆ ವಾರ ಮಗ ಸೊಸೆಯನ್ನು ಕೂರಿಸಿ ಹೇಳಿದರಂತೆ. "ನನಗೇನಾದ್ರೂ ಆದ್ರೆ ಆಕ್ಸಿಜನ್‌ಗೆ ಓಡಾಡ್ಬೇಡಿ. ಸಣ್ಣ ಮಕ್ಕಳಿದ್ದವರಿಗೆ ಸಿಗ್ಲಿ." ಸೊಸೆ ನನಗೆ ಇದನ್ನು ಹೇಳುವಾಗ ಅತ್ತಳು. ಅತ್ತೆಗೆ ಕೋವಿಡ್ ಬರಲೇ ಇಲ್ಲ. ಆದರೆ ಅಂದಿನಿಂದ ಅವರು ಬದುಕಿರುವುದೇ ಯಾರದ್ದೋ ಪಾಲಿನ ಗಾಳಿ ಕದ್ದಂತೆ ಅಂದುಕೊಂಡಿದ್ದಾರಂತೆ. ಮಾತ್ರೆ ಮುಗಿದರೆ ಹೇಳುವುದಿಲ್ಲ. ಇನ್‌ಹೇಲರ್ ದುಬಾರಿ ಅಂತ ಎರಡು ಸಲ ಎಳೆಯುವಲ್ಲಿ ಒಂದು ಸಲ ಎಳೆಯುತ್ತಾರೆ. ಇದನ್ನು ಯಾವ ಎಕ್ಸ್‌ರೇ ತೋರಿಸುತ್ತದೆ ಹೇಳಿ?

ಕೋವಿಡ್ ಸುರುವಾದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇ. 25ರಷ್ಟು ಹೆಚ್ಚಿತು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಹೆಂಗಸರಿಗೆ ಹೆಚ್ಚು ಪೆಟ್ಟು ಬಿತ್ತು ಅಂತಲೂ ಹೇಳಿತು. ಮೊದಲಿನಿಂದ ಕಾಯಿಲೆ ಇದ್ದವರಲ್ಲಿ ಆ ಲಕ್ಷಣಗಳು ಇನ್ನೂ ಜಾಸ್ತಿ. ಸಿಒಪಿಡಿಯವರಲ್ಲಿ ಆತಂಕ, ಖಿನ್ನತೆ ಕೋವಿಡ್‌ಗೆ ಮೊದಲೂ ಸಾಮಾನ್ಯವಾಗಿತ್ತು. ಬ್ರಿಟನ್ನಿನಲ್ಲಿ ತೀವ್ರ ಸಿಒಪಿಡಿ, ತೀವ್ರ ಅಸ್ತಮಾ ಇದ್ದವರೂ ಸೇರಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಸರಕಾರವೇ ಪತ್ರ ಬರೆದು 2020ರ ಮಾರ್ಚ್‌ನಿಂದ ಜುಲೈ ತನಕ ಮನೆಯಿಂದ ಹೊರಗೆ ಬರಬೇಡಿ ಅಂದಿತ್ತು. ಆಗಸ್ಟ್ 1ಕ್ಕೆ ಆ ನಿರ್ಬಂಧಕ್ಕೆ ವಿರಾಮ ಹೇಳಿದಾಗ ಎಷ್ಟೋ ಜನರಿಗೆ ಹೊಸ್ತಿಲು ದಾಟುವ ಧೈರ್ಯವೇ ಇರಲಿಲ್ಲ. ನಮ್ಮಲ್ಲಿ ಅಂಥ ಪತ್ರ ಯಾರಿಗೂ ಬರಲಿಲ್ಲ. ನಮ್ಮಲ್ಲಿ ಪತ್ರದ ಕೆಲಸವನ್ನು ಮನೆಯವರೇ ಮಾಡಿದರು. ಅದಕ್ಕೆ ಕೊನೆಯ ದಿನಾಂಕ ಹಾಕುವುದನ್ನು ಮಾತ್ರ ಮರೆತರು.

ಬೆರಳಿಗೆ ಕಟ್ಟಿದ ದೇವರು

ಕಾಪುವಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಐವತ್ತೊಂಬತ್ತು ವರ್ಷ. ಹೊಗೆ ಕುಡಿದ ಪುಪ್ಪುಸ, ಹತ್ತು ವರ್ಷದಿಂದ ಇನ್‌ಹೇಲರ್. 2020ಕ್ಕೆ ಮೊದಲು ಆಕೆ ಎಲ್ಲಿಲ್ಲ? ಸ್ವಸಹಾಯ ಸಂಘದ ಮೀಟಿಂಗು, ಮಾರಿಪೂಜೆ, ಆಟ ಇದ್ದರೆ ನಡುರಾತ್ರಿ ತನಕ ಯಕ್ಷಗಾನ, ಸಂಜೆ ದೀಪಸ್ತಂಭದ ಬದಿಯಲ್ಲಿ ಗೆಳತಿಯರ ಜೊತೆ ಸಮುದ್ರ ತೀರ. ದಮ್ಮು ಬಂದರೆ ಒಂದು ಕಡೆ ಕೂತು, ಸುಧಾರಿಸಿಕೊಂಡು ಮತ್ತೆ ನಡೆಯುವುದು. ಈಗ? ಗೇಟಿನ ತನಕ ಬಂದರೆ ಹೆಚ್ಚು.

ಮಗ ಮಸ್ಕತ್‌ನಲ್ಲಿ. ಒಳ್ಳೆ ಹುಡುಗ. 2021ರಲ್ಲಿ ಒಂದು ಪಲ್ಸ್ ಆಕ್ಸಿಮೀಟರ್ ತರಿಸಿಕೊಟ್ಟ. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಸಾಧನ. ಅಂದಿನಿಂದ ಇಂದಿನ ತನಕ ದಿನಕ್ಕೆ ಮೂರು ಸಲ ಫೋನ್. "ಅಮ್ಮಾ, ಎಷ್ಟುಂಟು?" ಅದೇ ಮೊದಲ ಪ್ರಶ್ನೆ. 93 ಅಂದರೆ ಸರಿ. 91 ಅಂದರೆ ಅವನಿಗೆ ಅಲ್ಲಿ ನಿದ್ದೆ ಇಲ್ಲ, ಇವರಿಗೆ ಇಲ್ಲಿ ನಿದ್ದೆ ಇಲ್ಲ. ಆಕೆ ಅಡುಗೆ ಮಾಡುವಾಗ ನಡುವೆ ಕೈ ಒರೆಸಿಕೊಂಡು ಬೆರಳಿಗೆ ಸಿಕ್ಕಿಸುವುದನ್ನು ನಾನೇ ಕಂಡಿದ್ದೇನೆ. ದೇವರ ಮುಂದೆ ಹೂ ಕೇಳಿದಂತೆ ಆ ಕೆಂಪು ಅಂಕಿಯನ್ನು ನೋಡುತ್ತಾರೆ.

ಇಲ್ಲಿ ಒಂದು ವಿಷಯ ನೀವು ತಿಳಿದಿರಲೇಬೇಕು. ಆರೋಗ್ಯವಂತರಿಗೆ ಈ ಅಂಕಿ 95ಕ್ಕಿಂತ ಮೇಲಿರುತ್ತದೆ. ಕೋವಿಡ್ ಕಾಲದಲ್ಲಿ 94ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೆ ಬನ್ನಿ ಅಂತ ಎಲ್ಲರಿಗೂ ಒಂದೇ ಮಾತು ಹೇಳಿದರು. ಅದು ತಲೆಯಲ್ಲಿ ಕೂತುಬಿಟ್ಟಿತು. ಆದರೆ ಹಳೆಯ ಸಿಒಪಿಡಿ ಇರುವ ಎಷ್ಟೋ ಜನರ ದಿನನಿತ್ಯದ ಅಂಕಿಯೇ 90ರ ಆಸುಪಾಸು. ಅಂಥ ರೋಗಿಗಳು ಆಸ್ಪತ್ರೆಗೆ ಸೇರಿ ಆಮ್ಲಜನಕ ಕೊಡಬೇಕಾಗಿ ಬಂದರೂ ವೈದ್ಯರು ಸಾಮಾನ್ಯವಾಗಿ 88ರಿಂದ 92ರ ನಡುವೆ ಇಟ್ಟುಕೊಳ್ಳಲು ನೋಡುತ್ತಾರೆ. ವಿಪರೀತ ಆಮ್ಲಜನಕ ಅವರಿಗೆ ಕೆಡುಕು ಮಾಡಬಹುದು. ಹಾಗಾಗಿ 'ನಮ್ಮ ಅಮ್ಮನ ಮಾಮೂಲಿ ಅಂಕಿ ಎಷ್ಟು? ಎಷ್ಟಕ್ಕೆ ಇಳಿದರೆ ನಾವು ಹೊರಡಬೇಕು?' ಈ ಎರಡು ಪ್ರಶ್ನೆ ನಿಮ್ಮ ಡಾಕ್ಟರನ್ನು ಕೇಳಿ ಕಾಗದದಲ್ಲಿ ಬರೆಸಿಕೊಳ್ಳಿ. ಪಕ್ಕದ ಮನೆಯವರ ಅಂಕಿ ನಿಮಗೆ ಬೇಡ. ಬೆರಳು ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೆ ಆ ಯಂತ್ರ ತಪ್ಪು ಹೇಳುವುದೂ ಉಂಟು.

ಕಳೆದ ವರ್ಷ ಊರಿಗೆ ಬಂದಿದ್ದಾಗ ನಾನು ಅವನಿಗೆ ಹೇಳಿದೆ. "ತಮ್ಮಾ, ನಂಬರ್ ಕೇಳ್ಬೇಡ. ಇವತ್ತು ಸಾರಿಗೆ ಎಂತ ಹಾಕಿದ್ದಿ ಅಂತ ಕೇಳು." ಅವನಿಗೆ ಸಿಟ್ಟು ಬಂತು. "ಅಕ್ಕಾ, ನಿಂಗೆ ಹೇಳ್ಲಿಕ್ಕೆ ಸುಲಭ. ಏನಾದ್ರೂ ಆದ್ರೆ ನಾನು ಬರುವಾಗ ಒಂದು ದಿನ ಆಗ್ತದೆ." ಅವನ ಮಾತಿನಲ್ಲೂ ಸತ್ಯ ಇದೆ. 2020ರಲ್ಲಿ ವಿಮಾನವೇ ಇಲ್ಲದೆ ಗಲ್ಫ್‌ನಲ್ಲಿ ಸಿಕ್ಕಿಹಾಕಿಕೊಂಡ ಎಷ್ಟು ಮಕ್ಕಳು ಅಪ್ಪ ಅಮ್ಮನ ಮುಖ ಕೊನೆಗೆ ವಿಡಿಯೋದಲ್ಲಿ ನೋಡಿದರು! ಅವನ ಹೆದರಿಕೆ ಅಲ್ಲಿಂದ ಬಂದದ್ದು. ಆದರೆ ಮಗನ ಹೆದರಿಕೆಯನ್ನೂ ತಾಯಿಯೇ ಹೊರಬೇಕಾದರೆ ಆಕೆಯ ಉಸಿರಿಗೆ ಅದು ಇನ್ನೊಂದು ಭಾರ. ಈಗ ಅವನು ಬೆಳಿಗ್ಗೆ ಒಮ್ಮೆ ಮಾತ್ರ ಅಂಕಿ ಕೇಳುತ್ತಾನೆ. ಸಂಜೆ ಬೇರೆ ಮಾತು. ಅಷ್ಟಾದರೂ ಆಯಿತಲ್ಲ.

ಪ್ರೀತಿಯ ಗೃಹಬಂಧನ

"ಅತ್ತೆ, ನೀವು ಬರ್ಬೇಡಿ, ಅಲ್ಲಿ ಧೂಳು." "ಅಮ್ಮಾ, ನೀನು ಕೂತ್ಕೊ, ನಾನು ಮಾಡ್ತೇನೆ." "ಜನ ಇರ್ತಾರೆ, ನಿಮಗ್ಯಾಕೆ ರಿಸ್ಕು?" ಕೇಳಲು ಎಷ್ಟು ಚೆಂದ! ಆಡುವ ನಮಗೂ ನಾವೆಷ್ಟು ಒಳ್ಳೆಯ ಸೊಸೆ ಅಂತ ಖುಷಿ. ಇದನ್ನು ನಾನು ಪ್ರೀತಿಯ ಗೃಹಬಂಧನ ಅನ್ನುತ್ತೇನೆ. 2020ರಲ್ಲಿ ಇದು ಬೇಕಿತ್ತು, ಒಪ್ಪಿದೆ. ಸಿಒಪಿಡಿ ಇದ್ದವರಿಗೆ ಕೋವಿಡ್ ತೀವ್ರವಾಗುವ ಸಂಭವ ನಿಜವಾಗಿಯೂ ಹೆಚ್ಚಿತ್ತು. (ಹತೋಟಿಯಲ್ಲಿರುವ ಸಣ್ಣ ಅಸ್ತಮಾದವರಿಗೆ ಮೊದಲು ಹೆದರಿದಷ್ಟು ಅಪಾಯ ಕಾಣಲಿಲ್ಲ, ಅದು ಬೇರೆ ಮಾತು.) ಜನರಿಂದ ದೂರ, ಮಾಸ್ಕು, ಕಡಿಮೆ ವಾಹನದ ಹೊಗೆ, ಇದರಿಂದ 2020ರಲ್ಲಿ ಬೇರೆ ಬೇರೆ ದೇಶಗಳಲ್ಲಿ ಸಿಒಪಿಡಿ ಉಲ್ಬಣಿಸಿ ಆಸ್ಪತ್ರೆ ಸೇರುವವರೇ ಕಡಿಮೆಯಾದರು. ಹೆದರಿ ಬಾರದೇ ಇದ್ದವರೂ ಅದರಲ್ಲಿ ಇದ್ದಾರು. ಆದರೆ ಈಗಲೂ ಯಾಕೆ?

ಕೂತು ಕೂತು ಏನಾಗುತ್ತದೆ ಗೊತ್ತಾ? ಕಾಲಿನ ಮಾಂಸಖಂಡ ಸೋಲುತ್ತದೆ. ಸೋತ ಕಾಲಿಗೆ ಹತ್ತು ಹೆಜ್ಜೆಗೂ ಹೆಚ್ಚು ಆಮ್ಲಜನಕ ಬೇಕು. ಮೊದಲು ಅಂಗಳ ಗುಡಿಸಿದರೆ ಬರುತ್ತಿದ್ದ ಏದುಸಿರು ಈಗ ಸ್ನಾನಕ್ಕೆ ಹೋದರೇ ಬರುತ್ತದೆ. 'ನೋಡಿ, ಕಾಯಿಲೆ ಜೋರಾಯಿತು' ಅಂತ ಇನ್ನೂ ಕೂರಿಸುತ್ತೇವೆ. ಪುಪ್ಪುಸ ಅಷ್ಟೇ ಇದೆ, ಕೆಟ್ಟದ್ದು ಕಾಲು! ಅದಕ್ಕೇ ಶ್ವಾಸಕೋಶದ ವೈದ್ಯರು ವ್ಯಾಯಾಮವನ್ನೂ ಔಷಧಿಯ ಹಾಗೆ ಬರೆದುಕೊಡುತ್ತಾರೆ. ಪಲ್ಮನರಿ ರಿಹ್ಯಾಬಿಲಿಟೇಶನ್ ಅಂತ ಅದಕ್ಕೆ ಹೆಸರು. ನಡಿಗೆ, ಉಸಿರಾಟದ ಅಭ್ಯಾಸ, ಊಟದ ಸಲಹೆ, ಮನಸ್ಸಿಗೆ ಧೈರ್ಯ, ಎಲ್ಲ ಸೇರಿದ ಕ್ರಮ. ಕೇಳಿದರೆ ಫಿಸಿಯೋಥೆರಪಿಸ್ಟ್ ಬಳಿ ಕಳಿಸುತ್ತಾರೆ. ಕೇಳದಿದ್ದರೆ ತುಂಬಿದ ಒಪಿಡಿಯಲ್ಲಿ ಅವರಿಗಾದರೂ ನೆನಪಾಗುವುದು ಹೇಗೆ?

"ಏನಾದ್ರೂ ಅಂಟಿದ್ರೆ ಯಾರು ಹೊಣೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಗಿಲು ಹಾಕಿದ ಎಸಿ ಹಾಲ್‌ನಲ್ಲಿ ಸಾವಿರ ಜನರ ಮದುವೆಗೆ ಕರೆದುಕೊಂಡು ಹೋಗಿ ಅಂತ ನಾನು ಹೇಳುತ್ತಿಲ್ಲ. ಹೋಗಲೇಬೇಕಾದರೆ ಮಾಸ್ಕ್ ಹಾಕಲಿ. 'ಇನ್ನೂ ಮಾಸ್ಕಾ?' ಅಂತ ನಗುವವರಿಗೆ ಉತ್ತರ ಕೊಡುವ ಕೆಲಸ ನಿಮ್ಮದಾಗಲಿ, ಅವರದಲ್ಲ. ಫ್ಲೂ ಲಸಿಕೆ, ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಹಾಕಿಸಬೇಕೇ ಅಂತ ಡಾಕ್ಟರನ್ನು ಕೇಳಿ. ಆದರೆ ಬಯಲು ಗಾಳಿಯಲ್ಲಿ, ಸಮುದ್ರ ತೀರದಲ್ಲಿ ನಡೆದರೆ ಏನು ಅಂಟುತ್ತದೆ? ಗೆಳತಿಯ ಮನೆಯ ಜಗಲಿಯಲ್ಲಿ ಕೂತು ಮಾತಾಡಿದರೆ? ಮನೆಯೊಳಗಿನ ಸೊಳ್ಳೆಬತ್ತಿ, ಊದುಬತ್ತಿ, ಬಚ್ಚಲಿನ ಹೊಗೆ, ಮನೆ ಯಜಮಾನರ ಸಿಗರೇಟು ಅದಕ್ಕಿಂತ ದೊಡ್ಡ ರಿಸ್ಕು. ಅವರಿಗೆ ಮಾತ್ರ ಯಾರೂ ಲಾಕ್‌ಡೌನ್ ಹಾಕುವುದಿಲ್ಲ!

ಕೆಮ್ಮಿನ ನಾಚಿಕೆಯ ಬಗ್ಗೆಯೂ ಒಂದು ಮಾತು. ಸೆರಗು ಬಾಯಿಗೆ ಒತ್ತಿ ಕೆಮ್ಮು ನುಂಗುವುದು ನಮ್ಮ ಹೆಂಗಸರಿಗೆ ಹಿಂದೆಯೂ ಅಭ್ಯಾಸ. ಕೋವಿಡ್ ಆದ ಮೇಲೆ ಅದು ಅಪರಾಧದಷ್ಟಾಗಿದೆ. ಇದರ ನಷ್ಟ ಲೆಕ್ಕಕ್ಕೂ ಸಿಕ್ಕಿದೆ. ನಮ್ಮ ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಸುಮಾರು 18 ಲಕ್ಷ. ಕಾಯಿಲೆ ಕಡಿಮೆಯಾದದ್ದಲ್ಲ, ಪರೀಕ್ಷೆಗೆ ಬಂದವರು ಕಡಿಮೆಯಾದದ್ದು. ಬಸ್ಸಿಲ್ಲದ್ದೂ ಕಾರಣ, ಆಸ್ಪತ್ರೆಗಳೆಲ್ಲ ಕೋವಿಡ್‌ನ ಹಿಂದೆ ಬಿದ್ದದ್ದೂ ಕಾರಣ, ಕೆಮ್ಮು ಅಂದರೆ ಜನ ಏನು ಅಂದುಕೊಂಡಾರು ಎಂಬ ಹೆದರಿಕೆಯೂ ಕಾರಣ. ಎರಡು ವಾರ ದಾಟಿದ ಕೆಮ್ಮನ್ನು ಬಚ್ಚಿಡಬೇಡಿ, ಬಚ್ಚಿಡುವ ಹಾಗೆ ನಿಮ್ಮ ಮನೆಯಲ್ಲಿ ಯಾರಿಗೂ ಮಾಡಬೇಡಿ. ನಮ್ಮ ಮಣಿಪಾಲದ ಫ್ಲ್ಯಾಟಿಗೆ ಕೆಲಸಕ್ಕೆ ಬರುತ್ತಿದ್ದವಳೊಬ್ಬಳು ಅಸ್ತಮಾ ಇದೆ ಅಂತ ಹೇಳದೆ ಎಷ್ಟೋ ಸಮಯ ಇನ್‌ಹೇಲರನ್ನು ಲಿಫ್ಟಿನೊಳಗೆ ಎಳೆದುಕೊಂಡು ಬರುತ್ತಿದ್ದಳು. ಕೆಲಸ ಹೋದೀತು ಅಂತ. 2020ರಲ್ಲಿ ಒಂದು ಮನೆಯವರು ಕೆಮ್ಮಿದ್ದಕ್ಕೇ ಆಕೆಯನ್ನು ಬಿಡಿಸಿದ್ದರಂತೆ.

ದಮ್ಮು ಬಂದಾಗ ನೀವೇನು ಮಾಡಬಹುದು?

ಮೊದಲು ನೀವು ಗಾಬರಿ ಬೀಳಬೇಡಿ. ನಿಮ್ಮ ಮುಖ ನೋಡಿಯೇ ಅವರ ಅರ್ಧ ಉಸಿರು ಹೋಗುತ್ತದೆ. ಮಲಗಿಸಬೇಡಿ, ಕೂರಿಸಿ. ಸ್ವಲ್ಪ ಮುಂದೆ ಬಾಗಿ, ಕೈಗಳನ್ನು ಮೊಣಕಾಲ ಮೇಲೋ ಮೇಜಿನ ಮೇಲೋ ಊರಲಿ. ಡಾಕ್ಟರು ಹೇಳಿದ ತುರ್ತಿನ ಇನ್‌ಹೇಲರ್ ಕೊಡಿ. ಆಮೇಲೆ ಮೂಗಿನಿಂದ ಮೆಲ್ಲಗೆ ಉಸಿರೆಳೆದು, ತುಟಿ ಮೊನಚು ಮಾಡಿ, ಬಿಸಿ ಗಂಜಿ ಆರಿಸಲು ಊದುತ್ತೇವಲ್ಲ, ಹಾಗೆ ನಿಧಾನಕ್ಕೆ ಬಿಡಲು ಹೇಳಿ. ಎಳೆಯುವುದಕ್ಕಿಂತ ಬಿಡುವುದು ಎರಡು ಪಟ್ಟು ಹೊತ್ತು. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಎದುರು ಕೂತು ನೀವೇ ಮಾಡಿ ತೋರಿಸಿದರೆ ಅವರಿಗೆ ಸುಲಭ. ಮುಖಕ್ಕೆ ಬೀಸಣಿಗೆಯಲ್ಲಿ ಗಾಳಿ ಹಾಕಿ. ತಮಾಷೆಯಲ್ಲ, ಮುಖಕ್ಕೆ ತಾಗುವ ತಂಪು ಗಾಳಿ ಉಸಿರು ಕಟ್ಟಿದ ಭಾವನೆಯನ್ನು ತಗ್ಗಿಸುತ್ತದೆ ಅಂತ ವೈದ್ಯರೇ ಹೇಳುತ್ತಾರೆ. ಇದನ್ನು ಚೆನ್ನಾಗಿರುವ ದಿನವೇ ಅಭ್ಯಾಸ ಮಾಡಿಸಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಆಗುತ್ತದಾ?

ಇಷ್ಟಾದರೂ ತಗ್ಗದಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ಉಗುರು ನೀಲಿಯಾದರೆ, ಎದೆ ನೋವು, ಮಂಪರು ಕಂಡರೆ 'ಇದು ಬರೀ ಹೆದರಿಕೆ' ಅಂತ ನೀವೇ ತೀರ್ಪು ಕೊಟ್ಟು ಕೂರಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ.

ಮನಸ್ಸಿನ ವಿಷಯಕ್ಕೆ ಬಂದರೆ, ನಿದ್ದೆ ಬಿಟ್ಟಿದ್ದಾರೆಯೇ, ಊಟ ಬೇಡವೆನ್ನುತ್ತಾರೆಯೇ, ಮೊದಲು ತಪ್ಪದೆ ನೋಡುತ್ತಿದ್ದ ಧಾರಾವಾಹಿಯೂ ಬೇಡವಾಗಿದೆಯೇ, 'ನಾನೊಂದು ಹೊರೆ' ಎಂಬ ಮಾತು ಪದೇ ಪದೇ ಬರುತ್ತದೆಯೇ? ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ಅದು ವಯಸ್ಸಿನ ದೋಷ ಅಲ್ಲ, ಖಿನ್ನತೆ ಇರಬಹುದು. ಶ್ವಾಸಕೋಶದ ಡಾಕ್ಟರ ಎದುರು ಈ ಮಾತನ್ನೂ ಆಡಿ. ಅವರು ಎದೆ ನೋಡುವವರು, ಇದನ್ನು ಯಾಕೆ ಹೇಳುವುದು ಅಂತ ಸುಮ್ಮನಿರಬೇಡಿ. ಮಾನಸಿಕ ವೈದ್ಯರಿಗೆ ನಮ್ಮಲ್ಲಿ ಬರಗಾಲವಿಲ್ಲ. ಮಣಿಪಾಲದ ಕೆಎಂಸಿ ಇದೆ, ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ. ನಿದ್ದೆಗೆ ಅಂತ ಮೆಡಿಕಲ್ ಶಾಪಿನಿಂದ ನೀವೇ ಮಾತ್ರೆ ತಂದು ಕೊಡಬೇಡಿ. ಕೆಲವು ನಿದ್ದೆ ಮಾತ್ರೆಗಳು ದಮ್ಮಿನವರ ಉಸಿರನ್ನೇ ಕುಗ್ಗಿಸುತ್ತವೆ. ಹೊರಗೆ ಹೋಗಲು ಸಂಕೋಚವಿದ್ದರೆ 'ಟೆಲಿ ಮಾನಸ್' ಎಂಬ ಸರಕಾರಿ ಸಹಾಯವಾಣಿ ಇದೆ, 2022ರ ಅಕ್ಟೋಬರ್‌ನಲ್ಲಿ ಸುರುವಾದದ್ದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಆ ನಂಬರನ್ನು ನಿಮಗೂ ಬರೆದಿಟ್ಟುಕೊಳ್ಳಿ. ಎರಡು ವರ್ಷ ರಾತ್ರಿ ಪಕ್ಕದ ಕೋಣೆಯ ಉಸಿರನ್ನು ಕೇಳುತ್ತಾ ಅರ್ಧ ನಿದ್ದೆ ಮಾಡಿದ ಸೊಸೆಯಂದಿರು, ಹೆಂಡತಿಯರು ಇದ್ದಾರಲ್ಲ, ಅವರಿಗೆ 'ನಿನಗೆ ಹೇಗಿದೆ' ಅಂತ ಕೇಳಿದವರು ಕಡಿಮೆ. ಈಗಲೂ ರಾತ್ರಿ ಒಂದು ಕೆಮ್ಮು ಕೇಳಿದರೆ ಎದ್ದು ಕೂರುವವರು ನೀವೇ ಇರಬಹುದು.

ಚಿಕ್ಕಮ್ಮನನ್ನು ಹೋದ ತಿಂಗಳು ಗೇಟಿನಿಂದ ಆಚೆ, ರಸ್ತೆ ತಿರುವಿನ ಅಂಗಡಿ ತನಕ ನಡೆಸಿದ್ದೇವೆ. ನಡುವೆ ಎರಡು ಸಲ ನಿಂತರು. ಆಕ್ಸಿಮೀಟರ್ ತರಲಾ ಅಂತ ಕೇಳಿದರು, ಬೇಡ ಅಂದೆ. ಮೊದಲು ಐದು ನಿಮಿಷ, ವಾರಕ್ಕೆ ಒಂದೆರಡು ನಿಮಿಷ ಜಾಸ್ತಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ನೀವೂ ಸುರು ಮಾಡುವುದಾದರೆ ಡಾಕ್ಟರನ್ನು ಕೇಳಿಯೇ ಮಾಡಿ. ಬೆಳಿಗ್ಗೆ ಇಬ್ಬನಿ ಇದ್ದರೆ ಬೇಡ, ಸಂಜೆ ಒಳ್ಳೆಯದು. ತುರ್ತಿನ ಇನ್‌ಹೇಲರ್ ಕಿಸೆಯಲ್ಲಿರಲಿ, ಅದರಲ್ಲಿ ಇನ್ನೆಷ್ಟು ಡೋಸ್ ಉಳಿದಿದೆ ಅಂತ ಹೊರಡುವ ಮೊದಲು ಒಮ್ಮೆ ನೋಡಿಕೊಳ್ಳಿ.